ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವವರನ್ನು ಬೆಳೆಸುವುದು ಹೇಗೆ

ಹತ್ತರಿಂದ ಇಪ್ಪತ್ತು ಸದಸ್ಯರಿರುವ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಪುಸ್ತಕ ಬರೆಯುವ ಕೆಲಸ ಸಾಮಾನ್ಯವಾಗಿ ಒಬ್ಬರ ಮೇಲೆಯೇ ಬೀಳುತ್ತದೆ. ಆಕೆ ಮದುವೆಯಾಗಿ ಬೇರೆ ಊರಿಗೆ ಹೋದರೆ ನಗದು ಪುಸ್ತಕವೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕನಿಷ್ಠ ಮೂವರಿಗಾದರೂ ಈ ಕೆಲಸ ಕಲಿಸಿಡಬೇಕು.

ಕಲಿಕೆಯನ್ನು ನಡಾವಳಿ ಪುಸ್ತಕದಿಂದ ಆರಂಭಿಸಿ, ಏಕೆಂದರೆ ಅದರಲ್ಲಿ ಹಾಜರಿ ಮತ್ತು ತೀರ್ಮಾನಗಳಷ್ಟೇ ಇರುವುದರಿಂದ ತಪ್ಪಿನ ಭಯ ಕಡಿಮೆ. ಬಳಿಕ ಉಳಿತಾಯದ ಖಾತೆ, ಕೊನೆಗೆ ಸಾಲದ ಖಾತೆ. ಹೆಚ್ಚಿನವರು ಎಡವುವುದು ಬಡ್ಡಿಯಲ್ಲಿ. 5,000 ರೂಪಾಯಿ ಸಾಲಕ್ಕೆ ತಿಂಗಳಿಗೆ ಶೇಕಡಾ 1ರಂತೆ ಮೊದಲ ತಿಂಗಳು 50 ರೂಪಾಯಿ ಬಡ್ಡಿಯಾಗುತ್ತದೆ. ಅದರೊಂದಿಗೆ 500 ರೂಪಾಯಿ ಅಸಲು ಕಟ್ಟಿದರೆ, ಮುಂದಿನ ತಿಂಗಳ ಬಡ್ಡಿಯನ್ನು ಉಳಿದ 4,500ಕ್ಕೆ ಮಾತ್ರ, ಅಂದರೆ 45 ರೂಪಾಯಿ ಎಂದು ಹಿಡಿಯಬೇಕು. ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬಿಡಿಸುವುದಕ್ಕಿಂತ ಸದಸ್ಯರ ಸ್ವಂತ ಪಾಸ್‌ಬುಕ್ಕಿನಲ್ಲೇ ಮಾಡಿಸಿದರೆ ಬೇಗ ಮನಸ್ಸಿಗೆ ಹತ್ತುತ್ತದೆ.

ಹೊಸಬರು ಬರೆಯುವಾಗ ಹಳಬರು ಪಕ್ಕದಲ್ಲಿರಲಿ, ಆದರೆ ಪೆನ್ನು ಕಸಿದುಕೊಳ್ಳದಿರಲಿ. ಸಭೆ ಮುಗಿಯುವ ಮುನ್ನ ಕೈಯಲ್ಲಿರುವ ನಗದನ್ನು ಎಣಿಸಿ, ಪುಸ್ತಕದ ಶಿಲ್ಕಿನೊಂದಿಗೆ, ಅಂದರೆ ಅದರಲ್ಲಿ ಬರೆದಿರುವ ಉಳಿಕೆ ಮೊತ್ತದೊಂದಿಗೆ, ತಾಳೆ ನೋಡಿ, ಅಂದಿನ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ. ಓದುಬರಹ ಬಾರದ ಸದಸ್ಯೆಯರು ತಮ್ಮ ಹಣವನ್ನು ನೆನಪಿನಲ್ಲೇ ಕಾಯುವವರಾದ್ದರಿಂದ, ಎಷ್ಟೋ ಬಾರಿ ತಪ್ಪು ಹಿಡಿಯುವವರು ಅವರೇ. ಅಂಕಿ ತಪ್ಪಿದರೆ ಬಿಳಿ ಬಣ್ಣ ಬಳಿಯದೆ, ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿಸಿ.

ಆರು ತಿಂಗಳಿಗೊಮ್ಮೆ ಬರೆಯುವವರನ್ನು ಬದಲಿಸಿ.