ಪದದ ಬೆನ್ನಿಂದ ‘ಮಾಡು’ ಬಿಡಿಸಿದ್ದು: ವಿಜಯಪುರದ ಸಂಜೆ ಬ್ಯಾಚಿನ ನನ್ನ ಅನುಭವ

ನನ್ನ ಸಂಜೆ ಬ್ಯಾಚಿಗೆ ಬರುವವರು ಹೆಚ್ಚಾಗಿ ಆಟೋ ಚಾಲಕರು, ಬಟ್ಟೆ ಅಂಗಡಿ ಹಾಗೂ ಮೆಡಿಕಲ್ ಶಾಪಿನ ಹುಡುಗರು, ಲಾಡ್ಜಿನ ಕೌಂಟರಿನವರು. ಪುಸ್ತಕವಿಲ್ಲದೆ ಬರೀ ಕಾರ್ಡಿನ ಮೇಲೆ ಇವರಿಗೆ ಇಂಗ್ಲಿಷ್ ಪದ ಕೂಡಿಸಿಕೊಡುತ್ತೇನೆ ಎಂದಾಗ, ಕ್ಲಾಸ್ ನಡೆಸುವ ಗೆಳೆಯರು ‘ತಿಂಗಳದಾಗ ಬ್ಯಾಚ್ ಖಾಲಿ ಆಗ್ತದ ನೋಡ್ರಿ ಸರ’ ಅಂದಿದ್ದರು. ಈಗ ನಾಲ್ಕು ತಿಂಗಳು ಮುಗಿಯುವ ಹೊತ್ತಿಗೆ ಒಬ್ಬೊಬ್ಬರ ಬಾಯಲ್ಲಿ ಹತ್ತಿರ ಹತ್ತಿರ 500 ಪದ ಓಡಾಡುತ್ತವೆ. ನೋಡಿದರೆ ಗುರುತು ಸಿಗುವ ಪದ ಇವಲ್ಲ, ಗಿರಾಕಿ ಎದುರು ನಿಂತಾಗ ಬಾಯಿಗೆ ಬರುವ ಪದ. ಈ ಮಟ್ಟದವರಿಗೆ ಇದಕ್ಕಿಂತ ಚೆನ್ನಾಗಿ ಹಿಡಿದ ವಿಧಾನ ನಮ್ಮ ಕಡೆ ನಾನಂತೂ ಕಂಡಿಲ್ಲ.

ರೊಕ್ಕ ತಿಂದು ಹಾಳಾದ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ. ಪ್ರಿಂಟ್ ಹಾಕಿಸಿದ ವರ್ಕ್‌ಬುಕ್ಕಿಗೆ ಒಂದಕ್ಕೆ 180 ರೂಪಾಯಿ ಆಸುಪಾಸು ಬಿತ್ತು, ಅರ್ಧಕ್ಕೂ ಹೆಚ್ಚು ಪುಟ ಖಾಲಿ ಉಳಿದವು. ಅದರಲ್ಲಿ ಹಣ್ಣಿನ ಹೆಸರು ಒಂದು ಪುಟ, ಬಣ್ಣ ಒಂದು ಪುಟ, ವಿರುದ್ಧ ಪದ ಒಂದು ಪುಟ. ಒಂದೇ ಜಾತಿಯ ಹೊಸ ಪದಗಳು ಒಂದೇ ದಿನ ತಲೆಗೆ ಹೋದರೆ ಒಂದರ ಜಾಗದಲ್ಲಿ ಇನ್ನೊಂದು ಎದ್ದು ಬರುತ್ತದೆ. ಬಾರೋ (borrow, ಸಾಲ ತಗೊಳ್ಳೋದು) ಮತ್ತು ಲೆಂಡ್ (lend, ಸಾಲ ಕೊಡೋದು) ಜೋಡಿಯಾಗಿ ಕಲಿತವರು ತಿಂಗಳುಗಟ್ಟಲೆ ಅದಲುಬದಲು ಹೇಳುತ್ತಲೇ ಇದ್ದರು. ಈಗ ಒಂದು ಪದ ಗಟ್ಟಿಯಾಗಿ ಕಾರ್ಡು ಡಬ್ಬಿಯ ನಾಲ್ಕನೇ ಖಾನೆ (ಅದರ ಲೆಕ್ಕ ಮುಂದೆ ಇದೆ) ಮುಟ್ಟುವವರೆಗೆ ಅದರ ಜೋಡಿಯ ಕಾರ್ಡು ಬರೆಸುವುದೇ ಇಲ್ಲ. ಬಾಗಿಲು, ಕಪಾಟು, ಫ್ಯಾನಿನ ಮೇಲೆ ಚೀಟಿ ಹಚ್ಚುವ ಪ್ರಯೋಗವನ್ನೂ ಮಾಡಿಸಿದೆ. ವಾರದೊಳಗೆ ಕಣ್ಣಿಗೆ ಚೀಟಿ ಬೀಳುವುದೇ ನಿಂತುಹೋಗುತ್ತದೆ. ಸಿಗುವುದೂ ವಸ್ತುವಿನ ಹೆಸರಷ್ಟೇ, ಕ್ರಿಯಾಪದ ಒಂದೂ ಇಲ್ಲ.

ನಮ್ಮವರಿಗೆ ಕಡಿಮೆ ಬೀಳುವುದು ಕ್ರಿಯಾಪದವೇ. ಮೊದಲ ದಿನ ಹೊಸ ಪದ ಕೊಡದೆ, ಅವರು ದಿನವೂ ಆಡುವ ಇಂಗ್ಲಿಷ್ ಪದ ಬರೆಸುತ್ತೇನೆ. ತಿಣುಕದೆ ನೂರೈವತ್ತು ದಾಟುತ್ತವೆ: ಚೆಕ್ ಮಾಡ್ರಿ, ವೇಟ್ ಮಾಡ್ರಿ, ಪೇಮೆಂಟ್ ಆಗಿಲ್ಲ, ಬುಕಿಂಗ್ ಕ್ಯಾನ್ಸಲ್ ಆತು, ಡೆಲಿವರಿ ಕೊಡ್ರಿ. ಹೆಚ್ಚಿನವು ಮಾಡು, ಆಗು, ಕೊಡು ಎಂಬ ಊರುಗೋಲು ಹಿಡಿದೇ ನಿಂತಿವೆ. ಇಂಗ್ಲಿಷಿಗೆ ಹೊರಳಿದಾಗ ಅದೇ ಊರುಗೋಲು ‘ಐ ಡಿಡ್ ಪೇಮೆಂಟ್’ ಆಗಿ ಜೊತೆಗೇ ಬರುತ್ತದೆ. ಅದಕ್ಕೇ ಪೇಮೆಂಟಿನಿಂದ ಪೇ, ಪೇಯ್ಡ್, ಡೆಲಿವರಿಯಿಂದ ಡೆಲಿವರ್, ಕಂಪ್ಲೇಂಟಿನಿಂದ ಕಂಪ್ಲೇನ್ ಬಿಡಿಸುತ್ತೇವೆ. ಗೋಲಗುಮ್ಮಟದ ಸ್ಟ್ಯಾಂಡಿನ ಆಟೋದವರಿಗೆ ವಿಸ್ಪರಿಂಗ್ ಗ್ಯಾಲರಿ ಬಾಯಿಪಾಠ, ಆದರೆ ‘ಪಿಸುಗುಟ್ರಿ, ಆ ಕಡೆ ಕೇಳಸ್ತದ’ ಅನ್ನಲು ವಿಸ್ಪರ್ ಬರುತ್ತಿರಲಿಲ್ಲ. ಪದ ಮೊದಲೇ ಅರ್ಧ ಗೊತ್ತಿರುವುದರಿಂದ ಇಂಥ ಕಾರ್ಡು ಎರಡೇ ಸುತ್ತಿಗೆ ಕೂತುಬಿಡುತ್ತದೆ.

ಅವರೇ ಬರೆದ ಈ ಪದಗಳು ಮುಗಿದ ಮೇಲೆ, ಹೊಸ ಪದ ಆರಿಸಲು ಇಂಗ್ಲಿಷ್ ಶಿಕ್ಷಣತಜ್ಞ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ, ಹೆಚ್ಚು ಬಳಕೆಯ ಸುಮಾರು 2000 ಇಂಗ್ಲಿಷ್ ಪದಗಳ ಪಟ್ಟಿಯೇ ನನ್ನ ಜರಡಿ. ಅದರಲ್ಲಿ ಇರಲಿ ಬಿಡಲಿ, ಕಸುಬಿನ ಪದ ಮಾತ್ರ ಬಿಡುವುದಿಲ್ಲ. ಮೆಡಿಕಲ್ ಹುಡುಗನಿಗೆ ಎಕ್ಸ್‌ಪೈರ್ ಬೇಕೇ ಬೇಕು.

ಕಾರ್ಡಿನ ಮುಂದೆ ನಮ್ಮ ಮಾತಿನ ಪೂರಾ ಕನ್ನಡ ವಾಕ್ಯ, ಹಿಂದೆ ಇಂಗ್ಲಿಷ್ ವಾಕ್ಯ. ಬಿಡಿ ಪದ ಬರೆದರೆ ‘ಜ್ವರ ಬಂದೈತಿ’ ಎಂಬುದು ‘ಫೀವರ್ ಈಸ್ ಕಮಿಂಗ್’ ಆಗುತ್ತದೆ. ವಾಕ್ಯವನ್ನೇ ಕಲಿತವನಿಗೆ ‘ಐ ಹ್ಯಾವ್ ಎ ಫೀವರ್’ ಒಂದೇ ಉಸಿರಿಗೆ ಬರುತ್ತದೆ. ‘ಹಸಿವ್ಯಾಗೈತಿ’, ‘ಕಾಲು ನೋಯಾಕತ್ತೈತಿ’ ಇವಕ್ಕೂ ಇದೇ ಮದ್ದು.

22 ಇಂಚು ಅಗಲ, 28 ಇಂಚು ಉದ್ದದ ಚಾರ್ಟ್ ಶೀಟಿನಲ್ಲಿ ವಿಸಿಟಿಂಗ್ ಕಾರ್ಡಿನಷ್ಟು, ಅಂದರೆ ಎರಡು ಇಂಚಿಗೆ ಮೂರೂವರೆ ಇಂಚಿನ 88 ಕಾರ್ಡು ಸರಿಯಾಗಿ ಕೂರುತ್ತವೆ. ದಪ್ಪ ಹಾಳೆಯೇ ಇರಲಿ. ತೆಳು ಬಿಳಿ ಹಾಳೆಯ ಮೇಲೆ ಸ್ಕೆಚ್ ಪೆನ್ ಹಿಡಿದರೆ ಉತ್ತರ ಈಚೆಗೇ ಕಾಣಿಸುತ್ತದೆ, ಬಾಲ್‌ಪೆನ್ ಸಾಕು. ಒಂದು ಕಿಲೋ ಪೇಢೆ ಡಬ್ಬಿಗೆ ನಾಲ್ಕು ರಟ್ಟು ಅಡ್ಡ ನಿಲ್ಲಿಸಿದರೆ ಐದು ಖಾನೆಯ ಲೈಟ್ನರ್ ಡಬ್ಬಿ ತಯಾರು, ಅಂದರೆ ಸರಿ ಹೇಳಿದಂತೆಲ್ಲ ಕಾರ್ಡು ಮುಂದಿನ ಖಾನೆಗೆ ಸರಿಯುವ ಡಬ್ಬಿ. ನಾಲ್ಕು ತಿಂಗಳಿಗೆ ಎಲ್ಲ ಸೇರಿ ತಲೆಗೆ ನೂರೈವತ್ತು ರೂಪಾಯಿ ಮೀರಿಲ್ಲ.

ಒಂದನೇ ಖಾನೆ ದಿನಾ, ಎರಡನೆಯದು ದಿನ ಬಿಟ್ಟು ದಿನ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ಎಂಟು, ಐದನೆಯದು ಹದಿನೈದು ದಿನಕ್ಕೊಮ್ಮೆ. ಗಟ್ಟಿಯಾಗಿ ಹೇಳಬೇಕು. ಮೂರು ಸೆಕೆಂಡಿನಲ್ಲಿ ಬಾಯಿಗೆ ಬಾರದಿದ್ದರೆ ತಪ್ಪಿದಂತೆ, ಕಾರ್ಡು ನೇರ ಒಂದನೇ ಖಾನೆಗೆ. ಹೊಸ ಕಾರ್ಡು ದಿನಕ್ಕೆ ಆರೇ. ಆರು ಹಾಕಿದರೆ ದಿನದ ಸುತ್ತು 35-40 ಕಾರ್ಡಿಗೆ ನಿಲ್ಲುತ್ತದೆ, ಕಾಲು ತಾಸಿನ ಕೆಲಸ. ಹುಮ್ಮಸ್ಸಿನಲ್ಲಿ ಇಪ್ಪತ್ತು ಹಾಕಿದವರಿಗೆ ಹಳೆಯವು ಒಂದರ ಮೇಲೊಂದು ಬಂದು ಬಿದ್ದು ಮೂರನೇ ವಾರಕ್ಕೆ ನೂರು ದಾಟುತ್ತದೆ. ಅಲ್ಲಿಗೆ ಡಬ್ಬಿ ಮುಚ್ಚಿತೆಂದೇ ಲೆಕ್ಕ. ನಾಲ್ಕನೇ ಖಾನೆಯಲ್ಲಿ ಪದೇ ಪದೇ ಎಡವುವ ಕಾರ್ಡಿಗೆ ನನ್ನದೇ ಒಂದು ಉಪಾಯವಿದೆ, ಅದು ಬ್ಯಾಚಿನವರಿಗೆ ಮಾತ್ರ.

ಆಂಡ್ರಾಯ್ಡಿನಲ್ಲಿ ಆಂಕಿ ಎಂಬ ಕಾರ್ಡಿನ ಆ್ಯಪ್ ಪುಕ್ಕಟೆ ಸಿಗುತ್ತದೆ, ಯಾವ ಕಾರ್ಡು ಯಾವಾಗ ಎಂಬ ಲೆಕ್ಕವನ್ನು ತಾನೇ ಇಡುತ್ತದೆ. ಆದರೆ ಫೋನ್ ಕೈಗೆ ಬಂದರೆ ಎರಡನೇ ನಿಮಿಷಕ್ಕೆ ರೀಲ್ಸ್. ಬರೆಯುವಾಗ ಕೂರುವ ಸ್ಪೆಲಿಂಗೂ ಟೈಪ್ ಮಾಡಿದರೆ ಅಷ್ಟು ಕೂರುವುದಿಲ್ಲ. ಫೋನನ್ನು ರೆಕಾರ್ಡಿಂಗಿಗಷ್ಟೇ ಇಟ್ಟುಕೊಂಡಿದ್ದೇವೆ: ಕನ್ನಡ ವಾಕ್ಯ, ನಾಲ್ಕು ಸೆಕೆಂಡು ಮೌನ, ಆಮೇಲೆ ಇಂಗ್ಲಿಷ್. ಬಾಗಲಕೋಟೆ ಬಸ್ಸು ಹತ್ತುವವರಿಗೆ ಅಷ್ಟು ದೂರಕ್ಕೂ ಇದೇ ಕೆಲಸ.

ಬೆಳಗಾವಿಯಲ್ಲಿ ಫೌಂಡ್ರಿ ಹುಡುಗರ ಬ್ಯಾಚ್ ನಡೆಸುವ ಗೆಳೆಯರೊಬ್ಬರು ಕಾರ್ಡಿನ ಮುಂದೆ ಮರಾಠಿ ಬರೆಸಿ ನೋಡಿದರು. ಅಲ್ಲೂ ‘ಚೆಕ್ ಕರಾ’ ಎಂಬ ಅದೇ ಊರುಗೋಲು, ಬಿಡಿಸಿದ್ದೂ ಇದೇ ದಾರಿಯಲ್ಲೇ. ಅವರು ಹೊಸ ಕಾರ್ಡು ದಿನಕ್ಕೆ ಎಂಟು ಹಾಕಿಸುತ್ತಾರೆ. ಪಾಳಿ ಕೆಲಸದವರಿಗೆ ಅದು ಜಾಸ್ತಿ ಎಂದೇ ನನ್ನ ಅಭಿಪ್ರಾಯ.