ಮನೆತನದಲ್ಲಿ ಅನಸ್ತೇಷಿಯಾ ಅಪಾಯವಿದ್ದರೆ: ಆಪರೇಷನ್‌ಗೆ ಮೊದಲು ಏನು ಮಾಡಬೇಕು

ಮೊದಲು ಮನೆಯ ಹಿರಿಯರನ್ನು ಕೇಳಿ. ಆಪರೇಷನ್ ಟೇಬಲ್ ಮೇಲೆ ಯಾರಾದರೂ ತೀರಿಕೊಂಡಿದ್ದರೆ ‘ಹಾರ್ಟ್ ನಿಂತಿತಂತೆ’ ಎಂಬಲ್ಲಿಗೆ ಬಿಡಬೇಡಿ. ದವಡೆ ಬಿಗಿದುಕೊಂಡಿತ್ತೇ, ಮೈ ಸುಡುತ್ತಿತ್ತೇ, ಮೂತ್ರ ಕಪ್ಪು ಚಹಾದ ಹಾಗೆ ಬಂತೇ ಎಂದು ಕೆದಕಿ. ಹೌದೆಂದರೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾದ (ಅನಸ್ತೇಷಿಯಾದ ಕೆಲವು ಔಷಧಗಳಿಗೆ ಮೈ ಸೆಟೆದು ವಿಪರೀತ ಕಾಯುವ, ಮನೆತನದಲ್ಲಿ ಹರಿದುಬರುವ ತೊಂದರೆ) ಅನುಮಾನ ಇಟ್ಟುಕೊಳ್ಳಲೇಬೇಕು. ಹೆಚ್ಚಾಗಿ ಆರ್‌ವೈಆರ್‌1 ಜೀನ್‌ನ ದೋಷ. ಕೆಲವು ಔಷಧ ತಾಗಿದರೆ ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಉಕ್ಕಿ, ಅವು ಸಡಿಲವಾಗದೆ ಉರಿಯುತ್ತವೆ. ಅಪ್ಪ, ಅಮ್ಮ ಇಬ್ಬರಲ್ಲೊಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ‘ನಂಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಏನೂ ಆಗ್ಲಿಲ್ಲ’ ಅನ್ನುವ ಧೈರ್ಯ ಸಾಲದು: ಒಂದೆರಡು ಸಲ ಸುಮ್ಮನಿದ್ದು ಆಮೇಲೆ ಕಾಣಿಸಿಕೊಂಡದ್ದುಂಟು.

ಪರ್ಸಿನಲ್ಲಿ ಒಂದು ಚೀಟಿ ಇರಲಿ. ಅಡಿಕೆ ಮರದಿಂದ ಬಿದ್ದು ಪ್ರಜ್ಞೆ ತಪ್ಪಿದವರು ಮಾತಾಡಲಾರರು, ಚೀಟಿ ಮಾತಾಡುತ್ತದೆ. ಕೊಡಬಾರದ್ದು: ಸಕ್ಸಿನೈಲ್‌ಕೋಲಿನ್ (ಓಟಿಯಲ್ಲಿ ‘ಸ್ಕೋಲಿನ್’), ಮತ್ತೆ ಉಸಿರಿನ ಮೂಲಕ ಕೊಡುವ ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್, ಡೆಸ್‌ಫ್ಲುರೇನ್. ಕೊಡಬಹುದಾದ್ದು: ಪ್ರೊಪೊಫಾಲ್, ಕೆಟಮಿನ್, ಫೆಂಟನಿಲ್, ವೆಕುರೋನಿಯಂ, ನೈಟ್ರಸ್ ಆಕ್ಸೈಡ್. ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್‌ಗೂ ಅಡ್ಡಿಯಿಲ್ಲ. ಕಾಲು, ಹರ್ನಿಯಾ, ಸಿಸೇರಿಯನ್‌ಗೆ ಸಾಧ್ಯವಾದರೆ ಅದನ್ನೇ ಕೇಳಿ.

ಆಪರೇಷನ್ ತುರ್ತಲ್ಲದಿದ್ದರೆ, ದಿನ ಗೊತ್ತುಮಾಡುವ ಮೊದಲೇ ಅನಸ್ತೇಷಿಯಾ ಡಾಕ್ಟರನ್ನು ಕಾಣಿ, ಸರ್ಜನ್‌ಗೆ ಹೇಳಿದರಷ್ಟೇ ಸಾಲದು. ಕೇಳಬೇಕಾದ ಪ್ರಶ್ನೆ ಒಂದೇ: ‘ಡ್ಯಾಂಟ್ರೊಲೀನ್ ಇಲ್ಲೇ ಇದೆಯಾ, ಎಷ್ಟು ವಯಲ್ (ಔಷಧದ ಸಣ್ಣ ಬಾಟಲಿ)?’ ಈ ತೊಂದರೆ ಶುರುವಾದರೆ ತಡೆಯುವ ಔಷಧ ಅದೇ. ‘ತರಿಸ್ತೇವೆ’ ಎಂದರೆ ಆ ಆಸ್ಪತ್ರೆ ಬೇಡ. ಔಷಧ ನಿಮಿಷಗಳಲ್ಲಿ ಕೈಗೆ ಸಿಗಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ಕಾರು ಓಡಿಸಿ ತರುವಷ್ಟು ಹೊತ್ತು ಇರುವುದಿಲ್ಲ. ಕಾರವಾರದವರು ಗೋವಾಕ್ಕೋ ಮಣಿಪಾಲಕ್ಕೋ ಹೋಗುವುದಾದರೂ ಫೋನಿನಲ್ಲಿ ಮೊದಲು ಇದನ್ನೇ ವಿಚಾರಿಸಿ.

ಲೆಕ್ಕ ಹೀಗೆ: ಮೊದಲ ಡೋಸ್ ಕೆಜಿಗೆ 2.5 ಮಿ.ಗ್ರಾಂ. 60 ಕೆಜಿಯವರಿಗೆ 150 ಮಿ.ಗ್ರಾಂ, ಅಂದರೆ 20 ಮಿ.ಗ್ರಾಂನ 8 ವಯಲ್. ಈ ಹಳೆಯ ಮಾದರಿಯ ಪ್ರತಿ ವಯಲ್‌ಗೂ 60 ಮಿ.ಲೀ. ಸ್ಟೆರೈಲ್ ನೀರು (ಸಲೈನ್ ಅಲ್ಲ) ಹಾಕಿ ತಿಳಿಯಾಗುವವರೆಗೆ ಕುಲುಕಬೇಕು. ಪುಡಿ ಬೇಗ ಕರಗುವುದಿಲ್ಲ, ಅದಕ್ಕೇ ಇಬ್ಬರು ಮೂವರನ್ನು ಬರೀ ಇದಕ್ಕೆ ನಿಲ್ಲಿಸುತ್ತಾರೆ. ಡೋಸ್ ಮತ್ತೆ ಮತ್ತೆ ಬೇಕಾಗಬಹುದು. 36 ವಯಲ್ ಇಟ್ಟುಕೊಳ್ಳಬೇಕೆಂಬ ಶಿಫಾರಸು ಇರುವುದು ಅದಕ್ಕಾಗಿಯೇ.

ಅನಸ್ತೇಷಿಯಾ ಮೆಷಿನ್‌ನಲ್ಲಿ ಹಿಂದಿನ ಕೇಸಿನ ಔಷಧ ಉಳಿದಿರಬಾರದು. ಅದಕ್ಕೆ ಓಟಿಯವರು ವೇಪರೈಸರ್ (ಆ ಔಷಧವನ್ನು ಆವಿ ಮಾಡುವ ಭಾಗ) ತೆಗೆದು, ಸೋಡಾ ಲೈಮ್ (ಕಾರ್ಬನ್ ಡೈಆಕ್ಸೈಡ್ ಹೀರುವ ಹರಳು) ಮತ್ತು ಟ್ಯೂಬ್ ಬದಲಿಸಿ, ಮೆಷಿನ್‌ಗೆ ಜೋರಾಗಿ ಆಕ್ಸಿಜನ್ ಹಾಯಿಸಿ ತೊಳೆಯಬೇಕು. ಬೆಳಗಿನ ಮೊದಲ ಕೇಸ್ ಆಗಿ ಹಾಕಿಸಿಕೊಂಡರೆ ಇದಕ್ಕೆ ಸಮಯ ಸಿಗುತ್ತದೆ. ಆಪರೇಷನ್ ನಡೆಯುವಾಗ, ಜ್ವರ ಬರಲೆಂದು ಕಾಯುವುದು ದೊಡ್ಡ ತಪ್ಪು: ಉಸಿರಿನ ಕಾರ್ಬನ್ ಡೈಆಕ್ಸೈಡ್ ಏರುವುದು, ನಾಡಿ ಓಡುವುದು, ಮೈ ಸೆಟೆಯುವುದು ಸಾಮಾನ್ಯವಾಗಿ ಮೊದಲು, ಮೈ ಕಾಯುವುದು ಹಲವೊಮ್ಮೆ ತಡವಾಗಿ. ಡ್ಯಾಂಟ್ರೊಲೀನ್ ಕೊಟ್ಟವರಿಗೆ ವೆರಾಪಮಿಲ್, ಡಿಲ್ಟಿಯಾಜೆಮ್ ಎಂಬ ಹೃದಯದ ಔಷಧ ಕೊಡಬಾರದು, ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಚೇತರಿಸಿಕೊಂಡರೂ ಕನಿಷ್ಠ ಒಂದು ದಿನ ಐಸಿಯು ಬಿಡಿಸಿಕೊಂಡು ಬರಬೇಡಿ, ಮರುಕಳಿಸುವುದುಂಟು.

ಜೀನ್ ಟೆಸ್ಟ್‌ಗೆ ರಕ್ತ ಕೊಟ್ಟರೆ ಸಾಕು. ಆದರೆ ರಿಪೋರ್ಟ್ ನಾರ್ಮಲ್ ಬಂತೆಂದು ಚೀಟಿ ಹರಿಯಬೇಡಿ. ಇಲ್ಲವೆಂದು ಖಚಿತವಾಗಿ ಹೇಳುವುದು ತೊಡೆಯ ಸ್ನಾಯುವಿನ ಬಯಾಪ್ಸಿ ಪರೀಕ್ಷೆ ಮಾತ್ರ.