ಮುಚ್ಚಿದ ಶಾಲೆಯ ಅಂಗಳದಲ್ಲೊಂದು ಕಾಡು: ಗಿಡವನ್ನು ಕೊನೆಗೆ ನೆಡಿ

ಗೇಟಿಗೆ ತುಕ್ಕು ಹಿಡಿದ ಬೀಗ, ಒಳಗೆ ಎದೆಮಟ್ಟ ಬೆಳೆದ ಪಾರ್ಥೇನಿಯಂ, ಗೋಡೆಯ ಮೇಲೆ ಅರ್ಧ ಅಳಿಸಿಹೋದ ಕರ್ನಾಟಕದ ನಕ್ಷೆ. ಮೈಸೂರು, ಮಂಡ್ಯದ ಹಳೆಯ ಬೀದಿಗಳಲ್ಲಿ ನಡೆದಾಡುವವರು ಇಂಥ ಶಾಲೆಯೊಂದನ್ನು ಕಂಡೇ ಇರುತ್ತಾರೆ. ಮಕ್ಕಳು ಕಡಿಮೆಯಾಗಿ ಪಕ್ಕದ ಶಾಲೆಯಲ್ಲಿ ವಿಲೀನಗೊಂಡವು ಕೆಲವು. ಬಡಾವಣೆಯ ನಕ್ಷೆಯಲ್ಲಿ ‘ಶಾಲೆಗೆ ಮೀಸಲು’ ಎಂದು ಬರೆದು, ಒಂದು ಇಟ್ಟಿಗೆಯನ್ನೂ ಇಡದೆ ಬಿಟ್ಟ ಸಿಎ (ನಾಗರಿಕ ಸೌಲಭ್ಯ) ನಿವೇಶನಗಳು ಇನ್ನು ಕೆಲವು. ಎರಡರ ಗತಿಯೂ ಒಂದೇ. ಮೊದಲು ಯಾರದೋ ಮನೆ ಕೆಡವಿದ ಮಣ್ಣು ಬಂದು ಬೀಳುತ್ತದೆ, ಅದರ ಮೇಲೆ ಕಸ, ಕಸದ ಹಿಂದೆ ಬೀದಿನಾಯಿ, ಕೊನೆಗೆ ಒತ್ತುವರಿಯ ಬೇಲಿ.

ಈ ಜಾಗವನ್ನು ಬೀದಿಯವರೇ ಸೇರಿ ಕಾಡಾಗಿ ಬೆಳೆಸಬಹುದು. ನಾನು ಕೈಜೋಡಿಸಿದ ಮೊದಲ ಪ್ರಯತ್ನ ಸೋತಿತು. ಜುಲೈಯಲ್ಲಿ ಉತ್ಸಾಹದಿಂದ ಸಸಿ ನೆಟ್ಟೆವು, ಫೋಟೊ ತೆಗೆಸಿಕೊಂಡೆವು. ಫೆಬ್ರುವರಿಯಲ್ಲಿ ನಲ್ಲಿ ತಿರುಗಿಸಿದಾಗಲೇ ತಿಳಿದದ್ದು, ಶಾಲೆ ಮುಚ್ಚಿದ ವರ್ಷವೇ ನೀರಿನ ಸಂಪರ್ಕವೂ ಕಡಿತವಾಗಿತ್ತು ಎಂದು. ಯುಗಾದಿಯ ಹೊತ್ತಿಗೆ ಕಡ್ಡಿಗಳು ಉಳಿದಿದ್ದವು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದಿಷ್ಟು: ಕಾಗದ, ನೀರು, ಮಣ್ಣು ಆದಮೇಲೆ ಗಿಡ. ದೀಪಾವಳಿಗೆ ಕೆಲಸ ಶುರುಮಾಡಿದರೆ ಮುಂದಿನ ಮುಂಗಾರಿಗೆ ನೆಡಬಹುದು. ಇಲ್ಲಿ ಲೆಕ್ಕಕ್ಕಾಗಿ 20 ಗುಂಟೆ, ಅಂದರೆ ಅರ್ಧ ಎಕರೆಯ ಒಂದು ಜಾಗವನ್ನು ಇಟ್ಟುಕೊಂಡಿದ್ದೇನೆ.

ನವೆಂಬರ್: ಜಾಗ ಯಾರದು?

ಸರ್ಕಾರಿ ಶಾಲೆಯ ಜಾಗವಾದರೆ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ, ನಂತರ ಉಪನಿರ್ದೇಶಕರ ಕಚೇರಿ. ಸಿಎ ನಿವೇಶನವಾದರೆ ನಗರಾಭಿವೃದ್ಧಿ ಪ್ರಾಧಿಕಾರ. ಖಾತೆ ಅಥವಾ ಪಹಣಿಯ ನಕಲು ತೆಗೆದುಕೊಂಡು, ಹದ್ದುಬಸ್ತಿಗೆ, ಅಂದರೆ ಗಡಿಯ ಅಳತೆಗೆ, ಅರ್ಜಿ ಹಾಕಿ, ಗಡಿಕಲ್ಲು ನೆಡಿಸಿ. ಅಳತೆಯಾಗದ ಜಾಗದಲ್ಲಿ ಬೆಳೆದ ಮರ ನಾಳೆ ಜಗಳದ ಮರ.

ಇದಕ್ಕೂ ಮೊದಲು ಬೀದಿಯವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಶಾಲೆ ಮತ್ತೆ ತೆರೆಯುವ ಸಾಧ್ಯತೆ ಇದೆಯೇ? ಸುತ್ತಲಿನ ಮಕ್ಕಳು ದೂರದ ಶಾಲೆಗೆ ಬಸ್ ಹಿಡಿಯುತ್ತಿದ್ದಾರೆಯೇ? ಹೌದಾದರೆ ಕಾಡಿನ ಆಸೆಯನ್ನು ಬದಿಗಿಟ್ಟು ಶಾಲೆಗಾಗಿಯೇ ಅರ್ಜಿ ಬರೆಯಿರಿ. ಮಕ್ಕಳ ಜಾಗವನ್ನು ಮರಕ್ಕಾಗಿಯೂ ಕಸಿಯಬಾರದು. ಆ ಸಾಧ್ಯತೆ ಇಲ್ಲವೆಂದು ಖಚಿತವಾದರೆ, ಒಡೆತನ ಇಲಾಖೆಯಲ್ಲೇ ಉಳಿದು ನಿರ್ವಹಣೆ ಮಾತ್ರ ನಿಮ್ಮ ಸಂಘಕ್ಕೆ ಬರುವಂತೆ ಕನಿಷ್ಠ 10 ವರ್ಷದ ಲಿಖಿತ ಒಪ್ಪಂದ ಕೇಳಿ. ಬಾಯಿಮಾತಿನ ಅನುಮತಿ ಅಧಿಕಾರಿಯ ವರ್ಗಾವಣೆಯೊಂದಿಗೆ ಹೊರಟುಹೋಗುತ್ತದೆ.

ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಮಹಾನಗರ ಪಾಲಿಕೆಗಾಗಲಿ ನಗರಸಭೆಗಾಗಲಿ ಮನವಿ ಕೊಡುವಾಗ ಆ ಸಮಿತಿಗೂ ಒಂದು ಪ್ರತಿ ಕೊಡಿ. ಜಾಗದಲ್ಲಿ ಈಗಾಗಲೇ ಇರುವ ಮರಗಳನ್ನು ಎಣಿಸಿ, ಸುತ್ತಳತೆ ಬರೆದು, ಪಟ್ಟಿಯನ್ನು ಮನವಿಗೆ ಲಗತ್ತಿಸಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿಯಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಪಟ್ಟಿ ಮೊದಲೇ ದಾಖಲಾಗಿದ್ದರೆ ‘ಅಲ್ಲಿ ಮರವೇ ಇರಲಿಲ್ಲ’ ಎಂದು ಯಾರೂ ಹೇಳಲಾರರು.

ಡಿಸೆಂಬರ್: ಶಾಲೆಯನ್ನು ಓದಿ

ಹಳೆಯ ವಿದ್ಯಾರ್ಥಿಗಳನ್ನು, ನಿವೃತ್ತ ಶಿಕ್ಷಕರನ್ನು ಒಂದು ಭಾನುವಾರ ಜಾಗಕ್ಕೆ ಕರೆಯಿರಿ. ಬಾವಿ ಎಲ್ಲಿತ್ತು, ಮಳೆಗಾಲದಲ್ಲಿ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತಿತ್ತು, ಯಾವ ಬೇವಿನ ಕೆಳಗೆ ಪಾಠ ನಡೆಯುತ್ತಿತ್ತು ಎಂಬುದೆಲ್ಲ ಅವರಿಗೆ ಗೊತ್ತು. ಯಾವ ನಕ್ಷೆಯಲ್ಲೂ ಸಿಗದ ಮಾಹಿತಿ ಅದು. ಧ್ವಜಕಟ್ಟೆಯನ್ನು ಕೆಡವಬೇಡಿ, ಅದೇ ಮುಂದೆ ಕೂರುವ ಕಟ್ಟೆ. ಗಟ್ಟಿಯಿರುವ ಒಂದು ಗೋಡೆಯನ್ನು ಅದರ ಕರಿಹಲಗೆಯ ಸಮೇತ ಉಳಿಸಿಕೊಳ್ಳಿ. ಶಿಥಿಲವಾದ ಕಟ್ಟಡವನ್ನು ಮಾತ್ರ ಇಲಾಖೆಯ ಲಿಖಿತ ಆದೇಶದ ಮೇಲೆ ಇಲಾಖೆಯವರೇ ತೆಗೆಯಲಿ.

ಕೆಡವಿದ ಸಿಮೆಂಟ್ ಮತ್ತು ಸುಣ್ಣ ಬೆರೆತ ಮಣ್ಣು ಕ್ಷಾರವಾಗಿರುತ್ತದೆ. ಅದರಲ್ಲಿ ನೆಟ್ಟ ಸಸಿ ಹಳದಿಯಾಗಿ ಕುಗ್ಗುತ್ತದೆ. ಆ ಪದರವನ್ನು ಕೆರೆದು ತೆಗೆಯಿಸಿ. ಸುಟ್ಟ ಇಟ್ಟಿಗೆ, ಸೈಜುಗಲ್ಲುಗಳನ್ನು ಬೇರೆ ಮಾಡಿಟ್ಟುಕೊಂಡರೆ ನಡೆದಾಡುವ ದಾರಿಗೆ ಸಾಕಾಗುತ್ತದೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು, ಮುಖಕ್ಕೆ ಬಟ್ಟೆ, ಕೈಗೆ ಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು. ಲಂಟಾನ, ಸುಬಾಬುಲ್, ಬಳ್ಳಾರಿ ಜಾಲಿ ಇದ್ದರೆ ಅವನ್ನೂ ಬುಡದಿಂದ ತೆಗೆಯಬೇಕು. ಕತ್ತರಿಸಿ ಬಿಟ್ಟರೆ ಮತ್ತೆ ಚಿಗುರುತ್ತವೆ. ಮರವಾಗಿ ಬೆಳೆದಿದ್ದರೆ ವೃಕ್ಷಾಧಿಕಾರಿಯನ್ನು ಕೇಳಿ ಮುಂದುವರಿಯಿರಿ.

ಇದೇ ತಿಂಗಳು ಮಣ್ಣು ಪರೀಕ್ಷೆ. ಜಾಗದ ಎಂಟು ಹತ್ತು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋದಷ್ಟನ್ನು ನೆರಳಿನಲ್ಲಿ ಒಣಗಿಸಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಮಂಡ್ಯದವರಿಗೆ ವಿ.ಸಿ. ಫಾರ್ಮ್‌ನ ಕೇಂದ್ರ ಹತ್ತಿರವೇ ಇದೆ.

ಜನವರಿ: ನೀರಿನ ಲೆಕ್ಕ

ಈ ಲೆಕ್ಕ ಹಾಕದೆ ಮುಂದಿನ ಸಾಲು ಓದುವುದೇ ಬೇಡ ಎನ್ನುವಷ್ಟು ಇದು ಮುಖ್ಯ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 20 ಗುಂಟೆ ಎಂದರೆ ಸುಮಾರು 2,000 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಎಂದಿಟ್ಟುಕೊಂಡರೂ ನಿಮ್ಮ ಅಂಗಳದ ಮೇಲೆ 14 ಲಕ್ಷ ಲೀಟರ್ ಬೀಳುತ್ತದೆ. ಇಂದು ಅದರಲ್ಲಿ ಬಹುಪಾಲು ಗಟ್ಟಿಯಾದ ನೆಲದ ಮೇಲೆ ಹರಿದು ಚರಂಡಿ ಸೇರುತ್ತಿದೆ. ಇಳಿಜಾರಿಗೆ ಅಡ್ಡವಾಗಿ ಒಂದೂವರೆ ಅಡಿ ಆಳದ ಕಾಲುವೆಗಳನ್ನು ತೋಡಿ, ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ. ಕೆಡವಿದ ಕೊಠಡಿಗಳ ತಳಪಾಯದ ಗುಂಡಿಗಳನ್ನು ಮುಚ್ಚಬೇಡಿ, ಕಲ್ಲು ತುಂಬಿ ಇಂಗುಗುಂಡಿ ಮಾಡಿಕೊಳ್ಳಿ. ಸೊಳ್ಳೆಯ ಚಿಂತೆ ನೆರೆಹೊರೆಯವರಿಗೆ ಸಹಜ. ನೀರು ಎರಡು ಮೂರು ದಿನದಲ್ಲಿ ಇಂಗುವಂತಿದ್ದರೆ ಸೊಳ್ಳೆಯ ಮರಿಗೆ ಬೆಳೆಯಲು ಸಮಯವೇ ಸಿಗುವುದಿಲ್ಲ. ಮೊದಲ ಮಳೆಯ ನಂತರ ನೀವೇ ನಿಂತು ನೋಡಿ, ನಾಲ್ಕನೆಯ ದಿನವೂ ನೀರು ನಿಂತಿದ್ದರೆ ಆ ಗುಂಡಿಗೆ ಇನ್ನಷ್ಟು ಕಲ್ಲು ಸುರಿಯಿರಿ.

ಇನ್ನು ಬೇಸಿಗೆ. ನಮ್ಮ 20 ಗುಂಟೆಯಲ್ಲಿ ನೆಡಲಿರುವ 160 ಮರದ ಸಸಿಗಳಿಗೆ ವಾರಕ್ಕೆರಡು ಬಾರಿ ತಲಾ 10 ಲೀಟರ್, 240 ಪೊದೆಗಳಿಗೆ ತಲಾ 4 ಲೀಟರ್ ಎಂದರೆ ವಾರಕ್ಕೆ ಸುಮಾರು 5,000 ಲೀಟರ್, ಒಂದು ಟ್ಯಾಂಕರ್. ಫೆಬ್ರುವರಿಯಿಂದ ಮೇವರೆಗೆ 16 ವಾರ, 16 ಟ್ಯಾಂಕರ್. ಈ ಹಣವನ್ನು ಸಸಿ ಕೊಳ್ಳುವ ಮೊದಲೇ ಸಂಘದ ಖಾತೆಯಲ್ಲಿ ಎತ್ತಿಡಿ. ಕುಡಿಯುವ ಕಾವೇರಿ, ಕಬಿನಿ ನೀರನ್ನು ಗಿಡಕ್ಕೆ ಸುರಿಯಲು ಮನಸ್ಸು ಒಪ್ಪುವುದಿಲ್ಲ. ಮೈಸೂರಿನಲ್ಲಿ ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಕಡೆ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಅಲ್ಲಿನ ಸಂಸ್ಕರಿಸಿದ ನೀರನ್ನು ಟ್ಯಾಂಕರಿನಲ್ಲಿ ತರಿಸಲು ಪಾಲಿಕೆಗೆ ಅರ್ಜಿ ಕೊಡಿ.

ಫೆಬ್ರುವರಿ, ಮಾರ್ಚ್: ತರಗೆಲೆಯ ಕೊಯ್ಲು

ಈ ಎರಡು ತಿಂಗಳು ನಮ್ಮ ರಸ್ತೆಗಳ ಮರಗಳೆಲ್ಲ ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿದ ರಾಶಿಗೆ ಮೂಲೆಯಲ್ಲಿ ಬೆಂಕಿ ಬೀಳುತ್ತದೆ. ಆ ಹೊಗೆಯನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ನಮ್ಮ ಬರಡು ಅಂಗಳಕ್ಕೆ ಬೇಕಾದದ್ದು ಅದೇ. ಬೀದಿ ಗುಡಿಸುವ ಪೌರಕಾರ್ಮಿಕರೊಂದಿಗೆ ಮಾತಾಡಿ, ಖಾಲಿ ಗೋಣಿಚೀಲ ಕೊಟ್ಟು, ಎಲೆಯನ್ನು ಶಾಲೆಯ ಅಂಗಳಕ್ಕೇ ತಂದು ಹಾಕಿಸಿಕೊಳ್ಳಿ. ಅವರ ಶ್ರಮಕ್ಕೆ ತಕ್ಕ ಹಣವನ್ನೂ ಕೊಡಿ. ಮಂಡ್ಯದಲ್ಲಿ ಕಬ್ಬಿನ ತರಗಿದೆ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಗಸಿ, ಪ್ರೆಸ್‌ಮಡ್, ಇದೆ. ಮೈಸೂರಿನಲ್ಲಿ ಕುಂಬಾರಕೊಪ್ಪಲಿನಂಥ ಶೂನ್ಯ ತ್ಯಾಜ್ಯ ಘಟಕಗಳಲ್ಲಿ ಕಾಂಪೋಸ್ಟ್ ವಿಚಾರಿಸಬಹುದು.

ಮಾರ್ಚ್ ಕೊನೆಯಲ್ಲಿ ಗುಂಡಿ ತೆಗೆಯಿರಿ: ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ, ಮರದಿಂದ ಮರಕ್ಕೆ ಹತ್ತು ಅಡಿ. ಹಾಗೆಯೇ ಬಿಸಿಲಿಗೆ ಬಿಡಿ. ಮೇ ತಿಂಗಳ ಮಳೆ ಒಂದೆರಡು ಬಾರಿ ಗುಂಡಿಯಲ್ಲಿ ಇಂಗಲಿ. ನಂತರ ಮೇಲ್ಮಣ್ಣಿಗೆ ಮೂರನೆಯ ಒಂದು ಭಾಗ ಗೊಬ್ಬರ, ಗೆದ್ದಲು ತಡೆಯಲು ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ.

ಯಾವ ಗಿಡ?

ಉತ್ತರ ಬೇಕಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಎರಡೂ ಬದಿ ನೋಡಿ. ಮಂಡ್ಯದವರು ಮೇಲುಕೋಟೆಗೆ ಹೋಗಿ. ನಮ್ಮದು ಎಲೆಯುದುರುವ ಒಣ ಕಾಡು, ಕುರುಚಲಿನ ಸೀಮೆ. ಕೊಡಗಿನ ದಟ್ಟ ಹಸಿರನ್ನು ಇಲ್ಲಿ ಬಯಸಿದರೆ ಇಡೀ ಜೀವಮಾನ ನೀರು ಹೊರಬೇಕಾಗುತ್ತದೆ.

ಈಗ ಎಲ್ಲೆಡೆ ಮಿಯಾವಾಕಿ ವಿಧಾನದ ಮಾತಿದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಈ ವಿಧಾನದಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಸಸಿ ನೆಡುತ್ತಾರೆ. ಆದರೆ ಅದರ ಮೊದಲ ಹೆಜ್ಜೆ, ಆ ನೆಲದ ಮೂಲ ಸಸ್ಯಗಳು ಯಾವುವೆಂದು ಹುಡುಕುವುದು. ಆ ಹೆಜ್ಜೆಯನ್ನು ಬಿಟ್ಟು ಒತ್ತೊತ್ತಾಗಿ ನೆಡುವುದನ್ನು ಮಾತ್ರ ಎತ್ತಿಕೊಂಡ ಜಾಗಗಳು ಬಹಳ. ದಾರಿ, ಕಟ್ಟೆಗಳನ್ನು ಬಿಟ್ಟು ನಮ್ಮ ಅಂಗಳದಲ್ಲಿ ಉಳಿಯುವ 1,500 ಚದರ ಮೀಟರಿಗೆ ಈ ಲೆಕ್ಕದಲ್ಲಿ 4,500 ಸಸಿ ಬೇಕು; ಹತ್ತು ಅಡಿಯ ಅಂತರದಲ್ಲಿ 160 ಸಾಕು. ನಮ್ಮ ಮಳೆಗೆ ಎರಡನೆಯದೇ ಸರಿ ಎನ್ನುವುದು ನನ್ನ ದೃಢ ಅಭಿಪ್ರಾಯ. ನೀರಿನ ಆಸರೆ ಗಟ್ಟಿಯಿದ್ದವರು ರಸ್ತೆಯ ಧೂಳು ತಡೆಯಲು ಕಾಂಪೌಂಡಿನ ಉದ್ದಕ್ಕೂ ಒಂದು ದಟ್ಟ ಪಟ್ಟಿ ಮಾಡಿಕೊಳ್ಳಲಿ.

ಎತ್ತರಕ್ಕೆ ಬೇವು, ಹೊಂಗೆ, ತಪಸಿ, ದಿಂಡಿಗ, ಕಮರ, ಬಾಗೆ, ತಾರೆ. ನೀರು ಇಂಗುವ ತಗ್ಗಿಗೆ ನೇರಳೆ, ಹೊಳೆಮತ್ತಿ. ಹಕ್ಕಿಗಳಿಗಾಗಿ ಒಂದು ಅತ್ತಿ, ಒಂದು ಬಸರಿ ಸಾಕು. ಆಲ, ಅರಳಿಗಳನ್ನು ಒಳಚರಂಡಿ ಕೊಳವೆ ಮತ್ತು ಗೋಡೆಗಳಿಂದ ದೂರ, ನಡುಮಧ್ಯೆ ನೆಡಿ. ನಡುವಿನ ಎತ್ತರಕ್ಕೆ ಬಿಲ್ವ, ಬೇಲ, ನೆಲ್ಲಿ, ಕಕ್ಕೆ, ಮುತ್ತುಗ, ಎಲಚಿ. ಕೆಳಗೆ ಕವಳಿ, ಕಾರೆ, ತಂಗಡಿ, ಲಕ್ಕಿ, ಕರಿಬೇವು. ಕರಿಬೇವು ಮತ್ತು ಬಿಲ್ವದ ಎಲೆಯ ಮೇಲೆ ನಿಂಬೆ ಚಿಟ್ಟೆ ಮೊಟ್ಟೆಯಿಡುತ್ತದೆ, ಎಕ್ಕದ ಮೇಲೆ ಹುಲಿಚಿಟ್ಟೆ. ಆದ್ದರಿಂದ ಮೂಲೆಯಲ್ಲಿ ತಾನಾಗಿ ಬೆಳೆದ ಎಕ್ಕವನ್ನು ಕೀಳಬೇಡಿ. ವಿದ್ಯುತ್ ತಂತಿಯ ಕೆಳಗೆ ಪೊದೆಗಳು ಮಾತ್ರ ಇರಲಿ. ಮರ ನೆಟ್ಟರೆ ಪ್ರತಿ ವರ್ಷವೂ ಅದರ ತಲೆ ಹೋಗುತ್ತದೆ.

ಬೇಲಿಗೆ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಆಡುಸೋಗೆಯ ಕಹಿಗೆ ಆಡೂ ಬಾಯಿ ಹಾಕುವುದಿಲ್ಲ. ಅದು ಎತ್ತರವಾಗುವವರೆಗೆ ಬಿದಿರಿನ ತಡಿಕೆ ಕಟ್ಟಿ.

ನೀಲಗಿರಿ, ಅಕೇಶಿಯಾ, ಕೋನೋಕಾರ್ಪಸ್ ಬೇಡ. ಶ್ರೀಗಂಧವೂ ಬೇಡ ಎನ್ನುವಾಗ ನನಗೆ ಸಂಕಟವಾಗುತ್ತದೆ. ಗಂಧವಿಲ್ಲದ ಕಾಡನ್ನು ಮೈಸೂರಿನವರು ಹೇಗೆ ಒಪ್ಪಿಯಾರು? ಆದರೂ ಕಾವಲಿಲ್ಲದ ಅಂಗಳದಲ್ಲಿ ಅದು ಕಳ್ಳರನ್ನು ಕರೆಯುತ್ತದೆ, ಅವರ ಕಾಲಡಿಗೆ ಉಳಿದ ಗಿಡಗಳೂ ಸಿಗುತ್ತವೆ.

ಸಸಿಗಾಗಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರವನ್ನು ಜನವರಿಯಲ್ಲೇ ಕಂಡು ಪಟ್ಟಿ ಕೊಟ್ಟಿರಿ. ಜೂನ್‌ನಲ್ಲಿ ಹೋದರೆ ಉಳಿದದ್ದು ಸಿಗುತ್ತದೆ. ಚೀಲದೊಳಗೆ ಬೇರು ಸುತ್ತು ಹಾಕಿಕೊಂಡಿರುವ ಸಸಿ ಎಷ್ಟೇ ಎತ್ತರವಿದ್ದರೂ ಬಿಟ್ಟುಬಿಡಿ.

ಆರಿದ್ರಾ ಮಳೆಗೆ ನೆಡುವುದು

ಮೈಸೂರು, ಮಂಡ್ಯದಲ್ಲಿ ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಏರುತ್ತದೆ. ನಡುವಿನ ಜೂನ್, ಜುಲೈಯಲ್ಲಿ ಗಾಳಿ ಜೋರು, ಮಳೆ ತುಂತುರು. ಹಾಗಾಗಿ ಪರಿಸರ ದಿನವೆಂದು ಜೂನ್ 5ಕ್ಕೇ ಅವಸರಪಡಬೇಕಾಗಿಲ್ಲ. ನೆಲ ಒಂದು ಗೇಣು ನೆನೆದಿದೆಯೇ ಎಂದು ಕೈಹಾಕಿ ನೋಡಿ, ಆರಿದ್ರಾ ಮಳೆಯ (ಜೂನ್ ಕೊನೆ, ಜುಲೈ ಮೊದಲು) ಆಸುಪಾಸಿನಲ್ಲಿ ಮರಗಳನ್ನು ನೆಡಿ. ಪೊದೆಗಳನ್ನೂ, ಸತ್ತ ಸಸಿಗಳ ಜಾಗಕ್ಕೆ ಹೊಸವನ್ನೂ ಸೆಪ್ಟೆಂಬರ್ ನಡುವಿನ ಉತ್ತರೆ ಮಳೆಗೆ ನೆಡಬಹುದು. ಸಂಜೆಯ ಹೊತ್ತು ಒಳ್ಳೆಯದು. ಚೀಲ ಹರಿದು, ಮಣ್ಣುಗಡ್ಡೆ ಒಡೆಯದಂತೆ ಇಳಿಸಿ, ಕಾಲಿನಿಂದ ಒತ್ತಿ, ಗಾಳಿಗೆ ಎದುರಾಗಿ ಒಂದು ಊರುಗೋಲು ಕಟ್ಟಿ. ಸುತ್ತ ಎರಡಡಿ ಪಾತಿ, ಅದರ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ. ಎಲೆ ಕಾಂಡಕ್ಕೆ ತಾಗದಿರಲಿ. ಹರಿದ ಪ್ಲಾಸ್ಟಿಕ್ ಚೀಲಗಳನ್ನು ಎಣಿಸಿ ವಾಪಸ್ ತನ್ನಿ.

ನಂತರದ ಎರಡು ಬೇಸಿಗೆ

ಗಿಡಕ್ಕೊಬ್ಬರ ಹೆಸರಿನ ಫಲಕ ಹಾಕುವ ಪದ್ಧತಿ ನನಗೆ ಹಿಡಿಸದು. ಫಲಕ ಉಳಿಯುತ್ತದೆ, ಗಿಡ ಹೋಗಿರುತ್ತದೆ. ಬದಲಿಗೆ ಸಾಲಿಗೆ ನಾಲ್ಕು ಮನೆ ಗೊತ್ತುಮಾಡಿ. ಒಂದು ಮನೆಯವರು ಊರಿಗೆ ಹೋದರೆ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚಿದ್ದರೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವುದು ಉತ್ತಮ. ನೀರು ಹಾಕುವುದು, ಪಾತಿ ಸರಿಮಾಡುವುದು, ಪಾರ್ಥೇನಿಯಂ ಕೀಳುವುದು ದಿನಕ್ಕೆರಡು ಗಂಟೆಯ ಕೆಲಸ.

ಹಾವಿನ ಭಯದ ದೂರು ಬಂದೇ ಬರುತ್ತದೆ. ಅದನ್ನು ತಳ್ಳಿಹಾಕದೆ ಕೇಳಿಸಿಕೊಳ್ಳಿ. ಆಹಾರದ ಕಸ ಬೀಳದಿದ್ದರೆ ಇಲಿಗಳು ಕಡಿಮೆ, ಇಲಿ ಕಡಿಮೆಯಾದರೆ ಹಾವೂ ಕಡಿಮೆ. ಐದಡಿ ಅಗಲದ ದಾರಿ ಬಿಡಿ, ಅದರ ಎರಡೂ ಬದಿ ಮೂರಡಿ ಹುಲ್ಲನ್ನು ಸವರಿಸಿ, ಸಂಜೆ ಆರರ ನಂತರ ಗೇಟು ಹಾಕಿ. ಬೇಸಿಗೆಯಲ್ಲಿ ಬೆಂಕಿಯ ಭಯವೂ ಇದೆ. ಆದ್ದರಿಂದ ಕಾಂಪೌಂಡಿನ ಒಳಬದಿ ಆರು ಅಡಿಯಷ್ಟು ಜಾಗವನ್ನು ಜನವರಿಯಲ್ಲೇ ತರಗು, ಒಣಹುಲ್ಲು ಇಲ್ಲದಂತೆ ಗುಡಿಸಿಡಿ. ಆಡುಸೋಗೆಯ ಬುಡವನ್ನೂ ಚೊಕ್ಕಟವಾಗಿಡಿ.

ಉಳಿಸಿಕೊಂಡ ಆ ಕರಿಹಲಗೆಯ ಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಮಕ್ಕಳಿಂದ ಒಂದು ಸಂಖ್ಯೆ ಬರೆಸಿ: ಇಂದು ಬದುಕಿರುವ ಗಿಡಗಳು ಎಷ್ಟು. ನಾವು ಸೋತಾಗ ನಮ್ಮಲ್ಲಿ ಈ ಎಣಿಕೆ ಇರಲಿಲ್ಲ, ಹಾಗಾಗಿ ಗಿಡ ಸಾಯತೊಡಗಿದ್ದು ಯಾರಿಗೂ ಸಮಯಕ್ಕೆ ತಿಳಿಯಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ನೀರನ್ನು ಹತ್ತು ದಿನಕ್ಕೊಮ್ಮೆಗೆ ಇಳಿಸಿ, ಒಂದೊಂದು ಬಾರಿಗೆ ಹೆಚ್ಚು ಕೊಡಿ, ಬೇರು ಆಳಕ್ಕೆ ಇಳಿಯಲಿ. ಮೂರನೆಯ ಬೇಸಿಗೆಯಲ್ಲಿ ಎಲೆ ಬಾಡಿದ ಗಿಡಕ್ಕೆ ಮಾತ್ರ ಕೊಟ್ಟರೆ ಸಾಕು. ಆ ವರ್ಷದ ಮುಂಗಾರಿಗೆ ತರಗೆಲೆಯನ್ನು ಮೆಲ್ಲಗೆ ಸರಿಸಿ ನೋಡಿ. ನೀವು ನೆಡದ ಒಂದು ಬೇವೋ ನೇರಳೆಯೋ, ಹಕ್ಕಿ ಬೀಳಿಸಿದ ಬೀಜದಿಂದ ಎರಡೆಲೆ ಒಡೆದಿರುತ್ತದೆ. ಕಳೆಯೆಂದು ಯಾರೂ ಕೀಳದಂತೆ ಅದರ ಪಕ್ಕ ಒಂದು ಕಡ್ಡಿ ಚುಚ್ಚಿ, ಭಾನುವಾರದ ಎಣಿಕೆಗೆ ಒಂದನ್ನು ಸೇರಿಸಿ.